ಫಲಾನುಭವಿಯ ಸಹಿ

ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಡಿಯ ಮಹದೇವು ನನ್ನ ಜುಬ್ಬಾದ ಜೊತೆಗೆ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನೂ ಕೈಗಿಟ್ಟ. ಜೇಬಿನಲ್ಲಿತ್ತಂತೆ. ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಒಂದು ಮೂಲೆ ಮುದುಡಿಹೋಗಿ, ಸುಟ್ಟ ಬಕೆಟ್ಟಿನ ವಾಸನೆ ಬರುತ್ತಿತ್ತು. “ಏನ್ ಸಾರ್ ಇದು, ದಯೆಯ ದೂತ ಅಂತ ಬರ್ದದೆ? ನಾಟ್ಕ ಗೀಟ್ಕ ಆಡ್ತೀರಾ?” ಎಂದು ಕೇಳಿದ. ಹೌದಪ್ಪ, ಹೋದ ವರ್ಷದವರೆಗೂ ಆಡುತ್ತಿದ್ದೆ ಎಂದೆ. ಅವನು ನಂಬಿದ. ನನ್ನ ಮುಖಕ್ಕೆ ದೂತನ ಪಾರ್ಟು ಹೇಗೆ ಕೊಟ್ಟರು ಎಂಬ ಅನುಮಾನ ಮಾತ್ರ ಅವನ ಕಣ್ಣಿನಲ್ಲಿ ಉಳಿದಿತ್ತು.

ನಿಮಗೂ ಅದೇ ಅನುಮಾನ ಬರುವ ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಅರ್ಜಿಗಳನ್ನು ವಾಪಸ್ಸು ಕಳಿಸುವ ಕೆಲಸ ಮಾಡಿದವನು. ಕಾಗದದ ಮೇಲೆ ಅದಕ್ಕೆ ಪರಿಶೀಲನೆ ಎಂಬ ಹೆಸರಿತ್ತು. ಏಳನೇ ಕಾಲಂ ಖಾಲಿಯಿದೆ, ಹೋಗಿ ಬನ್ನಿ; ಸಹಿ ಗೆರೆಯ ಕೆಳಗೆ ಬಂದಿದೆ, ಹೋಗಿ ಬನ್ನಿ. ನಮ್ಮ ಮೈಸೂರಿನಲ್ಲಿ ನಿವೃತ್ತರಾದವರನ್ನು ಸುಮ್ಮನೆ ಕೂರಲು ಬಿಡುವ ಪದ್ಧತಿಯಿಲ್ಲ. ಬೀಳ್ಕೊಡುಗೆಯ ಹಾರ ಬಾಡುವುದರೊಳಗೆ ಯಾರಾದರೂ ಬಂದು ಯೋಗಕ್ಕೋ ನಗೆಕೂಟಕ್ಕೋ ಕೈತೋಟದ ಸಂಘಕ್ಕೋ ಎಳೆದುಕೊಂಡು ಹೋಗುತ್ತಾರೆ. ಹಾಗೆ ನನ್ನನ್ನು ಎಳೆದುಕೊಂಡು ಹೋದದ್ದು ಶಾಲಾ ಮಕ್ಕಳಲ್ಲಿ ಸನ್ನಡತೆಯನ್ನೂ ದಯೆಯನ್ನೂ ಬೆಳೆಸುವ ಒಂದು ಸಂಸ್ಥೆ. ಅದರ ಹೆಸರು ಹೇಳುವುದಿಲ್ಲ. ದಯೆಯ ವಿಷಯದಲ್ಲಿ ಅಷ್ಟಾದರೂ ಕಲಿತಿದ್ದೇನೆ.

ವಿಷಯ ತಿಳಿಸಿದಾಗ ನನ್ನ ಹೆಂಡತಿ ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ, “ಮಕ್ಕಳಿಗೆ ದಯೆ ಕಲ್ಸೋದಕ್ಕೆ ನೀವೇ ಸಿಕ್ಕಿದ್ರಾ? ಮೊದ್ಲು ಹಾಲಿನವನ ಹತ್ರ ಮೆತ್ತಗೆ ಮಾತಾಡೋದು ಕಲೀರಿ,” ಎಂದಳು. ಅವಳಿಗೆ ಸಮಾಜಸೇವೆಯ ಒಳಹೊರಗು ತಿಳಿಯದು ಎಂದುಕೊಂಡೆ.

ನಮಗೆ ಎರಡು ದಿನದ ತರಬೇತಿ ನಡೆದದ್ದು ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿ. ನಿವೃತ್ತ ಪ್ರೊಫೆಸರರು, ನಿವೃತ್ತ ಎಂಜಿನಿಯರರು, ಒಬ್ಬರು ನಿವೃತ್ತ ಪೊಲೀಸು, ಎಲ್ಲರೂ ವೃತ್ತಾಕಾರದಲ್ಲಿ ನಿಂತು, ಕಣ್ಣು ಮುಚ್ಚಿ, ನಮಗೆ ನೋವು ಮಾಡಿದವರೊಬ್ಬರನ್ನು ಮನಸ್ಸಿಗೆ ತಂದುಕೊಂಡು ಕ್ಷಮಿಸಬೇಕಿತ್ತು. ಕ್ಷಮೆ ಅರ್ಧ ಆಗಿತ್ತು, ಅಷ್ಟರಲ್ಲಿ ಹೊರಗೆ ಯಾರದೋ ಸ್ಕೂಟರು ಯಾರದೋ ಕಾರಿಗೆ ಅಡ್ಡ ನಿಂತಿದೆ ಎಂದು ಗೊತ್ತಾಯಿತು. ಪ್ರೊಫೆಸರರೂ ಎಂಜಿನಿಯರರೂ ಗೇಟಿನ ಬಳಿ ಹೋಗಿ ಒಬ್ಬರಿಗೊಬ್ಬರು ಅಂದುಕೊಂಡದ್ದನ್ನು ಇಲ್ಲಿ ಬರೆಯಲಾಗದು. ಕಾಫಿ ಬಂತು, ನಾವು ಮತ್ತೆ ಕಣ್ಣು ಮುಚ್ಚಿಕೊಂಡೆವು. ಸಂಜೆ ಎಲ್ಲರಿಗೂ ಬಿಲ್ಲೆ ಕೊಟ್ಟರು.

ನನ್ನ ಪಾಲಿಗೆ ಬಂದದ್ದು ಕೆಸರೆಯ ಒಂದು ಶಾಲೆಯ ಎಂಟನೇ ತರಗತಿ. ಶ್ರೀರಾಂಪುರದ ನಮ್ಮ ಮನೆಯಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಿಕೊಂಡು ಹೋಗಬೇಕು. ಪ್ರತಿ ಮಗುವಿಗೂ ಸಂಸ್ಥೆ ಹಸಿರು ರಟ್ಟಿನ ಒಂದು ಪುಸ್ತಕ ಕೊಟ್ಟಿತ್ತು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಅದರಲ್ಲಿ ಬರೆಯಬೇಕು. ದಿನಾಂಕ, ಮಾಡಿದ ಕೆಲಸ, ಯಾರಿಗೆ, ಹೀಗೆ ಮೂರೇ ಕಾಲಂ. ನಾನು ನೋಡಿದೆ. ಇದಕ್ಕೆ ಪುರಾವೆ ಎಲ್ಲಿ? ಮಕ್ಕಳು ಬಾಯಿಗೆ ಬಂದದ್ದು ಬರೆದರೆ? ಸಂಸ್ಥೆಯ ಕಾರ್ಯದರ್ಶಿ ಮೇಡಂಗೆ ಹೇಳಿ ನಾಲ್ಕನೆಯ ಕಾಲಂ ಒಂದನ್ನು ಸೇರಿಸಿದೆ: ಫಲಾನುಭವಿಯ ಸಹಿ. ಮೇಡಂ ನನ್ನ ಅನುಭವವನ್ನು ಎಲ್ಲರೆದುರು ಹೊಗಳಿದರು. ಆವತ್ತು ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಮುಂದಿನ ವಾರದಿಂದ ಕೆಸರೆಯಲ್ಲಿ ದಯೆಯ ಹಾವಳಿ ಶುರುವಾಯಿತು. ಶಾಲೆಯ ಮುಂದೆ ಸೊಪ್ಪು ಮಾರುವ ಒಬ್ಬ ಅಜ್ಜಿ ಕೂರುತ್ತಿದ್ದಳು. ಅವಳು ಬುಟ್ಟಿ ಇಳಿಸಿ ಉಸಿರು ಬಿಡುವಷ್ಟರಲ್ಲಿ ಮಕ್ಕಳು ಅದನ್ನು ಮತ್ತೆ ಅವಳ ತಲೆಯ ಮೇಲೆ ಹೊರಿಸಿ ಹೆಬ್ಬೆಟ್ಟಿಗೆ ಇಂಕು ಹಚ್ಚುತ್ತಿದ್ದರು. ಒಂದು ದಿನ ಅಜ್ಜಿ ನನ್ನನ್ನೇ ಹಿಡಿದುಕೊಂಡಳು. “ಸ್ವಾಮಿ, ಈ ಐಕ್ಳಿಗೆ ಏನಾರ ಯೋಳಿ. ಬುಟ್ಟಿ ಕೆಳಗಿಕ್ಕಕ್ಕೇ ಬುಡಾಕಿಲ್ಲ ಅಂತವೆ.” ನಾನು ಅವಳಿಗೆ ಮಕ್ಕಳ ಮನೋವಿಕಾಸದ ಬಗ್ಗೆ ನಾಲ್ಕು ಮಾತು ಹೇಳಿ ಸಮಾಧಾನಪಡಿಸಿದೆ. ಒಬ್ಬ ಹುಡುಗ ನಾಯಿಗೆ ಬಿಸ್ಕತ್ತು ಹಾಕಿ, ಅದರ ಪಂಜವನ್ನೇ ಕೆಸರಿನಲ್ಲಿ ಅದ್ದಿ ಸಹಿ ಹಾಕಿಸಿಕೊಂಡು ಬಂದಿದ್ದ. ಸಹಿ ಸ್ಪಷ್ಟವಾಗಿಲ್ಲ ಎಂದು ವಾಪಸ್ಸು ಕಳಿಸಿದೆ.

ಈ ನಡುವೆ ಎರಡು ಪುಸ್ತಕಗಳು ನನ್ನ ಕಣ್ಣಿಗೆ ಬಿದ್ದವು. ಮೊದಲನೆಯದು ಭಾಗ್ಯ ಎಂಬ ಹುಡುಗಿಯದು (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ). ಅವಳ ಅಪ್ಪ ಅಮ್ಮ ಕಟ್ಟಡದ ಕೆಲಸದವರು, ಕೆಲಸ ಸಿಕ್ಕಿದ ಊರಿಗೆಲ್ಲ ಹೋಗಿ ಕಡೆಗೆ ಕೆಸರೆಯಲ್ಲಿ ನೆಲೆಯಾದವರು. ಆ ಪುಸ್ತಕ ಓದಿದರೆ ಬೇರೆ ಮಕ್ಕಳ ಬುಟ್ಟಿ ಎತ್ತುವ ದಯೆ ಮರೆತೇ ಹೋಗುತ್ತಿತ್ತು. ಪಕ್ಕದ ಮನೆಯ ಬಾಣಂತಿಗೆ ನೀರು ಕಾಯಿಸಿ ಕೊಟ್ಟದ್ದು, ಕುಡಿದು ಬಿದ್ದಿದ್ದ ಒಬ್ಬನ ಚಪ್ಪಲಿಯನ್ನು ಅವನ ಮನೆಗೆ ಮುಟ್ಟಿಸಿದ್ದು, ಎಲ್ಲ ಸೊಗಸಾದ ದುಂಡು ಅಕ್ಷರದಲ್ಲಿತ್ತು. ಎರಡನೆಯದು ಅವಳ ಗೆಳತಿ ಸುಜಾತಳದು. ಮೂರು ತಿಂಗಳಾದರೂ ಅದರಲ್ಲಿ ಒಂದು ಗೆರೆಯಿಲ್ಲ.

ಖಾಲಿ ಕಾಲಂ ಕಂಡರೆ ನನಗೆ ಏನಾಗುತ್ತದೆ ಎಂದು ನಿಮಗೆ ಈಗಾಗಲೇ ಗೊತ್ತು. ಸುಜಾತಳನ್ನು ಕರೆದು ಇಡೀ ತರಗತಿಯ ಮುಂದೆ ವಿಚಾರಿಸಿದೆ. ಒಂದಾದರೂ ಒಳ್ಳೆಯ ಕೆಲಸ ಮಾಡಿಲ್ಲವೇ ಎಂದರೆ, ಮಾಡಿದ್ದೀನಿ ಸರ್ ಎಂದಳು. ಯಾರಿಗೆ ಎಂದೆ.

“ಅದ್ನ ಹೇಳಲ್ಲ ಸರ್.”

ಯಾರಿಗೆಂದು ಹೇಳದ ಮೇಲೆ ಅದು ಮಾಡಿದಂತೆಯೇ ಅಲ್ಲ ಎಂದು ತಿಳಿಸಿ, ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ “ದಯಾಗುಣ ಇನ್ನೂ ಬೆಳೆಯಬೇಕು” ಎಂದು ಬರೆದು ರುಜು ಹಾಕಿದೆ. ಅವಳು ಪುಸ್ತಕ ತೆಗೆದುಕೊಂಡು ಹೋಗಿ ಭಾಗ್ಯಳ ಪಕ್ಕ ಕೂತಳು. ಭಾಗ್ಯ ಆ ಪೀರಿಯಡ್ಡು ಮುಗಿಯುವವರೆಗೂ ತಲೆ ಎತ್ತಲಿಲ್ಲ. ನಾನು ಅದನ್ನು ಸ್ನೇಹಿತೆಯ ಪರವಾದ ನಾಚಿಕೆ ಎಂದು ಅರ್ಥ ಮಾಡಿಕೊಂಡೆ.

ವರ್ಷದ ಕೊನೆಗೆ ಊರಿನ ಒಂದು ಸಭಾಂಗಣದಲ್ಲಿ ದೊಡ್ಡ ಸಮಾರಂಭ. ಹತ್ತು ಶಾಲೆಯ ಮಕ್ಕಳು ಬಂದಿದ್ದರು. ಪುಸ್ತಕ ತುಂಬಿಸಿದವರು ಮುಂದಿನ ಸಾಲಿನಲ್ಲಿ, ತುಂಬಿಸದವರು ಹಿಂದೆ; ಈ ವ್ಯವಸ್ಥೆಯೂ ನನ್ನದೇ. ಮುಖ್ಯ ಅತಿಥಿಗಳು ಕರುಣೆಯನ್ನು ಕುರಿತು ಒಂದು ಗಂಟೆ ಮಾತಾಡಿದರು, ನೀರು ಕುಡಿಯಲು ಎದ್ದ ಮಕ್ಕಳನ್ನು ನಾವು ಕಣ್ಣಿನಲ್ಲೇ ಗದರಿಸಿ ಕೂರಿಸಿದೆವು. ಆಮೇಲೆ ಮೊದಲ ಬಹುಮಾನಕ್ಕೆ ಭಾಗ್ಯಳ ಹೆಸರು ಕೂಗಿದರು. ಅವಳು ಬಂದು ಶಾಲು ಹೊದಿಸಿಕೊಂಡು, ಹೆಸರೇನಮ್ಮ ಎಂದದ್ದಕ್ಕೆ ಮೈಕಿನಲ್ಲಿ ಖಣಖಣನೆ ಹೆಸರು ಹೇಳಿದಳು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಹಿಂದಿನ ದಿನ ಒಂದು ಆಲೋಚನೆ ಬಂದಿತ್ತು. ಮೈಕು ತೆಗೆದುಕೊಂಡು, ಈಗ ಕುಮಾರಿ ಭಾಗ್ಯ ತನ್ನ ಪುಸ್ತಕದಿಂದ ಒಂದು ಪುಟ ಓದುತ್ತಾಳೆ ಎಂದು ಘೋಷಿಸಿ, ಪುಸ್ತಕ ಬಿಡಿಸಿ ಅವಳ ಕೈಗೆ ಕೊಟ್ಟೆ.

ಅವಳು ಪುಟವನ್ನು ನೋಡುತ್ತಾ ನಿಂತಳು. ಸಭೆ ಕಾಯಿತು. ಹೆದರಬೇಡ, ಓದು ಎಂದು ಪಿಸುಗುಟ್ಟಿದೆ. ಎರಡನೆಯ ಸಲ ಸ್ವಲ್ಪ ಜೋರಾಗಿ ಹೇಳಿದೆ. ಮೂರನೆಯ ಸಲ ಮೈಕು ಅದನ್ನೂ ಹಿಡಿದು ಇಡೀ ಸಭೆಗೆ ಕೇಳಿಸಿತು. ಮುಂದಿನ ಸಾಲಿನಲ್ಲಿ ನಗು ಶುರುವಾಯಿತು. ಅವಳ ಮೇಲ್ತುಟಿಯಲ್ಲಿ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು.

ಆಗ ಹಿಂದಿನ ಸಾಲಿನಿಂದ ಸುಜಾತ ಎದ್ದು ಬಂದಳು. ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ, ಭಾಗ್ಯಳ ಕೈಯಿಂದ ಪುಸ್ತಕ ತೆಗೆದುಕೊಂಡು, “ಇವಳಿಗೆ ಗಂಟಲು ಕಟ್ಟಿದೆ, ನಾನು ಓದ್ತೀನಿ,” ಎಂದಳು. ಎರಡು ನಿಮಿಷದ ಹಿಂದೆ ಖಣಖಣನೆ ಹೆಸರು ಹೇಳಿದ ಗಂಟಲು ಅದು. ಓದಿದಳು, ಚೆನ್ನಾಗಿಯೇ ಓದಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಪುಟದ ಕೊನೆಗೆ ಬಂದಾಗ ಅವಳು ಮುಂದಿನ ಪುಟದ ಮೊದಲ ಸಾಲನ್ನು ಹೇಳಿ ಮುಗಿಸಿ, ಆಮೇಲೆ ಹಾಳೆ ತಿರುಗಿಸಿದಳು. ಬರೆದವರಿಗಲ್ಲದೆ ಇನ್ನಾರಿಗೂ ಹಾಗೆ ಓದಲು ಬರುವುದಿಲ್ಲ. ಎಂಟನೇ ತರಗತಿಯ ಭಾಗ್ಯಳಿಗೆ ಅಕ್ಷರ ಬಾರದೆಂದೂ, ದಿನಾ ಅವಳು ಹೇಳಿದ್ದನ್ನು ಸುಜಾತ ಬರೆದುಕೊಡುತ್ತಿದ್ದಳೆಂದೂ, ಆ ಒಳ್ಳೆಯ ಕೆಲಸಕ್ಕೆ ಗುಟ್ಟು ಬಯಲಾಗದ ಹಾಗೆ ಫಲಾನುಭವಿಯ ಸಹಿ ಹಾಕಿಸುವುದು ಹೇಗೆಂದು ತೋಚದೆ ತನ್ನ ಪುಸ್ತಕವನ್ನು ಖಾಲಿ ಬಿಟ್ಟಿದ್ದಳೆಂದೂ ಅಷ್ಟರಲ್ಲಿ ನನಗೆ ಹೊಳೆಯಿತು. ತಡವಾಗಿ ಹೊಳೆಯುವುದರಲ್ಲಿ ನನಗೆ ಮೂವತ್ತನಾಲ್ಕು ವರ್ಷದ ಸೇವಾ ಅನುಭವವಿದೆ.

ಸಮಾರಂಭ ಮುಗಿದ ಮೇಲೆ ಕಾರ್ಯದರ್ಶಿ ಮೇಡಂ ಸುಜಾತಳನ್ನು ವೇದಿಕೆಯ ಪಕ್ಕ ನಿಲ್ಲಿಸಿಕೊಂಡರು. ಇನ್ನೊಬ್ಬರ ಬಹುಮಾನದ ಹೊತ್ತನ್ನು ಕಸಿದುಕೊಳ್ಳುವುದು ಕೆಟ್ಟ ಬುದ್ಧಿ, ಖಾಲಿ ಪುಸ್ತಕದವಳಿಗೆ ವೇದಿಕೆಯ ಹುಚ್ಚು ಬೇರೆ, ಎಂದೆಲ್ಲ ಬೈದರು. ಸುಜಾತ ನೆಲ ನೋಡುತ್ತಾ ನಿಂತಿದ್ದಳು. ನಾನೂ ಅಲ್ಲೇ ನಿಂತಿದ್ದೆ. ಬಾಯಿ ಬಿಟ್ಟರೆ ಭಾಗ್ಯಳ ಗುಟ್ಟು ಬಯಲಾಗುತ್ತದೆ ಎಂದು ಸುಮ್ಮನಿದ್ದೆ. ಓದಲು ಬಾರದವಳ ಹೆಸರನ್ನು ಮೊದಲ ಬಹುಮಾನಕ್ಕೆ ಬರೆದವನು ನಾನೇ ಎಂಬುದೂ ಅದರೊಡನೆ ಬಯಲಾಗುತ್ತಿತ್ತು. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿತು ಎಂದು ನೀವು ಕೇಳಿದರೆ, ನನಗೆ ಗೊತ್ತಿದೆ, ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ಸಭಾಂಗಣದ ಹಿಂದಿನ ನಲ್ಲಿಯ ಹತ್ತಿರ ಇಬ್ಬರೂ ಸಿಕ್ಕರು. ನಾನು ದನಿ ತಗ್ಗಿಸಿ, ನನಗೆ ಎಲ್ಲ ಗೊತ್ತಾಯಿತು, ಯಾರಿಗೂ ಹೇಳುವುದಿಲ್ಲ ಎಂದೆ. ಹಾಗೆನ್ನುವಾಗ ಎದೆಯಲ್ಲಿ ಒಂಥರಾ ಬೆಚ್ಚಗಾಯಿತು. ಕಡೆಗೂ ನಿಜವಾದ ದಯೆ ನನ್ನಿಂದ ಆಯಿತಲ್ಲ ಎಂದುಕೊಂಡೆ. ಸುಜಾತ ಕಣ್ಣು ಒರೆಸಿಕೊಂಡು, ಥ್ಯಾಂಕ್ಸ್ ಸರ್ ಎಂದಳು. ಭಾಗ್ಯ ಶಾಲನ್ನು ಮಡಿಸುತ್ತಿದ್ದವಳು ನಿಲ್ಲಿಸಿ ನನ್ನನ್ನು ನೋಡಿದಳು.

“ಐದ್ನೇ ಕ್ಲಾಸ್ ಮಿಸ್ಸೂ ಅಂಗೇ ಅಂದಿದ್ರು ಸರ್. ಈಗಿನ್ ಮಿಸ್ಸೂ ಅಂಗೇ ಅಂದ್ರು. ಎಲ್ರೂ ಯಾರ್ಗೂ ಹೇಳಲ್ಲ ಅಂತೀರ. ಓದೋದ್ನ ಯಾರು ಕಲಿಸ್ತೀರ?”

ಸುಜಾತಳಿಗೆ ಆ ಮಾತು ತಾಕಿತು. “ನಾನು ದಿನಾ ಬರ್ಕೊಡ್ತಿದ್ನಲ್ಲೇ,” ಎಂದಳು.

“ಬರ್ಕೊಟ್ಟೆ ಕಣೇ. ನಂಗ್ ಬರ್ಯಕ್ ಬಿಡ್ನಿಲ್ಲ.”

ನನ್ನ ಎದೆಯ ಬೆಚ್ಚಗಿನದು ಎಲ್ಲಿ ಹೋಯಿತೋ ಕಾಣೆ. ಊರೂರು ಬದಲಿಸಿದ ಹುಡುಗಿ, ಪಾಪ, ಎಂದು ಒಬ್ಬರು ಮುಂದಿನ ತರಗತಿಗೆ ದಾಟಿಸಿದರು, ಪಾಪ ಎಂದೇ ಇನ್ನೊಬ್ಬರು ಸುಮ್ಮನಿದ್ದರು. ಕರುಣೆಗೆ ಒಂದು ದಿನವೂ ಕೊರತೆಯಾಗದೆ ಎಂಟು ವರ್ಷ ಕಳೆದಿತ್ತು. ಕೇಳುತ್ತೇನಮ್ಮ, ಸಂಸ್ಥೆಯವರನ್ನು ಕೇಳುತ್ತೇನೆ ಎಂದು ಹೇಳಿ ಹೊರಟೆ.

ಕೇಳಿದೆ ಕೂಡ. ಹೆಸರು ಹೇಳದೆ, ಓದು ಬಾರದ ಮಕ್ಕಳಿಗೆ ಏನಾದರೂ ಮಾಡೋಣವೇ ಎಂದೆ. ಮೇಡಂ ಬಹಳ ಸೌಜನ್ಯದಿಂದ, ನಮ್ಮದು ಚಾರಿತ್ರ್ಯ ನಿರ್ಮಾಣ, ಅಕ್ಷರಾಭ್ಯಾಸ ಬೇರೆ ಸಂಸ್ಥೆಗಳ ಕೆಲಸ ಎಂದರು. ಇದು ನಮ್ಮ ಶಾಖೆಗೆ ಸಂಬಂಧಿಸಿದ್ದಲ್ಲ ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ, ಅದನ್ನು ಕೌಂಟರಿನ ಈ ಕಡೆ ನಿಂತು ಕೇಳಿಸಿಕೊಂಡದ್ದು ಅದೇ ಮೊದಲು. ಮನೆಗೆ ಬಂದು ಒಂದು ತಿಂಗಳು ಸುಮ್ಮನೆ ಕೂತೆ. ಬೆಳಿಗ್ಗೆ ಕಾಫಿಯ ಜೊತೆ ಪತ್ರಿಕೆ ಬಿಡಿಸಿದರೆ ಆ ಹುಡುಗಿಯ ಪ್ರಶ್ನೆ ಎದುರಿಗೆ ಬರುತ್ತಿತ್ತು. ಕಡೆಗೊಂದು ಶನಿವಾರ ಸುಜಾತಳ ಮನೆ ಹುಡುಕಿಕೊಂಡು ಹೋದೆ. ಆವತ್ತು ನಿನ್ನನ್ನು ಬೈಯುವಾಗ ನಾನು ಮಾತಾಡಬೇಕಿತ್ತು, ತಪ್ಪಾಯಿತು ಎಂದು ಬಸ್ಸಿನಲ್ಲಿ ಉರು ಹೊಡೆದದ್ದನ್ನು ಒಪ್ಪಿಸಿದೆ. “ಅದ್ ಬುಡಿ ಸರ್,” ಎಂದಳು ಅವಳು. “ವಾರ ವಾರ ಬರ್ತೀರಾ?”

ಈಗ ಹತ್ತು ತಿಂಗಳಾಯಿತು, ಹೋಗುತ್ತಿದ್ದೇನೆ. ಸುಜಾತಳ ಮನೆಯ ಮುಂದಿನ ಕಟ್ಟೆಯೇ ತರಗತಿ. ಮೊದಲ ದಿನ ನಾನು ಒಯ್ದಿದ್ದ, ಆನೆ ಮತ್ತು ಇಲಿಯ ಚಿತ್ರವಿದ್ದ ಪುಸ್ತಕವನ್ನು ಭಾಗ್ಯ ಎರಡೇ ಬೆರಳಿನಲ್ಲಿ ಹಿಡಿದು ವಾಪಸ್ಸು ಕೊಟ್ಟಳು. ಅವಳಿಗೆ ಬೇಕಾದದ್ದು ಪತ್ರಿಕೆ, ಅದರಲ್ಲೂ ಅಪರಾಧ ಸುದ್ದಿಯ ಪುಟ. ಹೀಗಾಗಿ ಸನ್ನಡತೆ ಬೋಧಿಸಲು ನೇಮಕಗೊಂಡಿದ್ದ ನಾನು ಸರಗಳ್ಳತನ, ಬೀಗ ಮುರಿತ, ಓಡಿಹೋದ ಜೋಡಿಗಳ ಮೂಲಕ ಒತ್ತಕ್ಷರ ಕಲಿಸುತ್ತಿದ್ದೇನೆ. ಮೇಷ್ಟರಾಗಿ ನಾನು ತೀರಾ ಕಳಪೆ. ಅವಳು ತಡವರಿಸಿದ ಕೂಡಲೇ ಪದವನ್ನು ನಾನೇ ಹೇಳಿಬಿಡುತ್ತೇನೆ. ಸುಜಾತಳಿಗೂ ಅದೇ ಚಾಳಿ.

ಮೊನ್ನೆ ಶನಿವಾರ ಒಬ್ಬ ಬೈಕ್ ಕಳ್ಳ ಸಿಕ್ಕಿಬಿದ್ದ ಸುದ್ದಿ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಬಂದವಳು ಕೊನೆಯ ವಾಕ್ಯದ ಕೊನೆಯ ಪದದ ಮುಂದೆ ನಿಂತಳು. ತಪ್ಪೊಪ್ಪಿಕೊಂಡಿದ್ದಾನೆ. ಎಂಥ ಪದ ನೋಡಿ, ಒತ್ತಿನ ಮೇಲೆ ಒತ್ತು. “ತ… ತಪ್ಪೊ…” ಎಂದಳು, ಬೆರಳು ಹಿಂದಕ್ಕೆ ಹೋಯಿತು, ಮತ್ತೆ ಬಂತು. ಮೇಲ್ತುಟಿಯಲ್ಲಿ ಬೆವರು ಮೂಡಿತು. ಸುಜಾತ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದುಕೊಂಡು ಕೂತಿದ್ದಳು. ನನ್ನಿಂದ ತಡೆಯಲಾಗಲಿಲ್ಲ, ಬಾಯಿ ತೆರೆದೆ.

“ಇರಿ ಸರ್,” ಎಂದಳು ಭಾಗ್ಯ, ಕಾಗದದಿಂದ ಕಣ್ಣೆತ್ತದೆ.

ನಾನು ಬಾಯಿ ಮುಚ್ಚಿಕೊಂಡೆ.