ಹಸ್ಕಿಗೊಂದು ಗೇಟ್ ಪಾಸ್

ಮಟಮಟ ಮಧ್ಯಾಹ್ನ, ಹಿಮನಾಡಿನ ತಳಿಯ, ಒಂದು ವರ್ಷದ ನಮ್ಮ ಹಸ್ಕಿ ನಾಯಿ ಹಗ್ಗ ಕಿತ್ತುಕೊಂಡು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನೊಳಗೆ ನುಗ್ಗಿಯೇ ಬಿಟ್ಟಿತು. ಯಾರೋ ಕೈಬಿಟ್ಟ ನಾಯಿಗಳನ್ನು ಸಲಹುವ ಹಾವೇರಿಯ ಅಕ್ಕನೊಬ್ಬರಿಂದ ಅದನ್ನು ದತ್ತು ತಂದು ಎರಡು ತಾಸೂ ಆಗಿರಲಿಲ್ಲ. ಹಿಂದೆಯೇ ಓಡಿ ನೋಡಿದರೆ, ತಣ್ಣನೆಯ ಚೀಲಗಳ ಮೇಲೆ ಸುಖವಾಗಿ ಮೈಚಾಚಿತ್ತು. ಎಷ್ಟು ಎಳೆದರೂ ಏಳಲಿಲ್ಲ. ಕೊನೆಗೆ ಹಮಾಲರೊಬ್ಬರು ಚೀಲದಂತೆ ಬೆನ್ನಿಗೇರಿಸಿಕೊಂಡು ಬಾಗಿಲಿಗೆ ತಂದರೆ, ಕಾವಲುಗಾರ ಕೈ ಅಡ್ಡ ಹಿಡಿದ.

"ಪಾಸ್ ಇಲ್ದ ಒಳಗಿನ ಮಾಲು ಹೊರಗ ಬಿಡೂದಿಲ್ರಿ."

"ಇದು ನನ್ನ ನಾಯಿರೀ!" ಎಂದು ಕೂಗಿದೆ.

"ನಂದು ಅಂತ ಎಲ್ಲಾರೂ ಅಂತಾರ್ರಿ."

ಗುಮಾಸ್ತರು ಬಂದು ನನ್ನ ಹೆಸರಿಗೆ ಪಾಸ್ ಬರೆದುಕೊಟ್ಟ ಮೇಲೆಯೇ ನಮಗೆ ಬಿಡುಗಡೆ.

ಹಾವೇರಿಯ ಅಕ್ಕ ನಾಯಿ ಕೊಟ್ಟರೇ ಹೊರತು ಕಾಗದವೇನೂ ಕೊಟ್ಟಿರಲಿಲ್ಲ. ಅದು ನನ್ನದೆನ್ನಲು ಇವತ್ತಿಗೂ ಇರುವುದು ಆ ಪಾಸೊಂದೇ: 'ಮಾಲು: ನಾಯಿ. ಚೀಲ: ಒಂದು.'