ಬಸ್ಸಿನಡಿಯ ಆ ದಿಮ್ಮಿ ಸುಮ್ಮನೆ ಬಿದ್ದಿರಲಿಲ್ಲ

ನಂಬಲು ಆಗುತ್ತಿಲ್ಲ ಗೆಳೆಯರೇ...
ಬೆಳಗ್ಗೆ ಹೊಳಲ್ಕೆರೆಯಿಂದ ಫೋನ್ ಬಂದಾಗ "ಯಾವ ತಿಪ್ಪೇಶ?" ಎಂದು ಕೇಳಿದೆ.
ನನಗೆ ಗೊತ್ತಿರುವುದು ಒಬ್ಬನೇ ತಿಪ್ಪೇಶ.
ಆದರೂ ಕೇಳಿದೆ...

ಹೌದು, ನಮ್ಮ ಮನೆಬಸ್ಸಿನ ತಿಪ್ಪೇಶನೇ.
ಸಿರಿಗೆರೆ ಹಾಸ್ಟೆಲಿನಲ್ಲಿ ನಮ್ಮ ಜೊತೆ ಇದ್ದವನು.
ಹಳೆಯ ಬಸ್ಸೊಂದನ್ನು ಕೊಂಡು, ಸೀಟು ಕೀಳಿಸಿ, ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿ, ಕಾಶಿ, ಪಂಢರಪುರ ಅಂತ ಜನರನ್ನು ಟೂರ್ ಕರೆದುಕೊಂಡು ಹೋಗುತ್ತಿದ್ದವನು.
ನಿನ್ನೆ ಸಂಜೆ ಅದೇ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ. ಬಸ್ಸು ಅವನ ಮೇಲೆ ಕೂತುಬಿಟ್ಟಿತು...

ಮಣ್ಣು ಮುಗಿಸಿಕೊಂಡು ಬಂದು ದುರ್ಗದ ಸೈಬರ್ ಸೆಂಟರಿನಲ್ಲಿ ಕೂತಿದ್ದೇನೆ.
ನಮ್ಮ ಗ್ರೂಪ್ ಓಪನ್ ಮಾಡಿದರೆ ನಿಮ್ಮ ಮೆಸೇಜುಗಳು...
"ಎಲ್ಲಾ ವಿಧಿ."
"ಹಣೆಬರಹ, ಏನು ಮಾಡೋಕಾಗುತ್ತೆ."
ಇನ್ನೊಬ್ಬರಂತೂ, "ಸ್ವಲ್ಪ ಕೇರ್‌ಫುಲ್ ಆಗಿ ಇರಬೇಕಿತ್ತು."

ಯಾರು ಸ್ವಾಮಿ ಕೇರ್‌ಫುಲ್ ಆಗಿ ಇರಬೇಕಿದ್ದದ್ದು?
ತಿಪ್ಪೇಶನಾ?

ಜ್ಯಾಕ್ ಹಾಕಿ ಬಸ್ಸು ಎತ್ತುವ ಮೊದಲು ಒಳಗೆ ನೆಲದ ಮೇಲೆ ಒಂದು ಲೋಟ ನೀರಿಟ್ಟು, ಅದು ಯಾವ ಕಡೆ ವಾಲುತ್ತದೆ ಎಂದು ಬಗ್ಗಿ ನೋಡುತ್ತಿದ್ದವನು ಅವನು.
ನೆಲ ಸಮ ಇಲ್ಲ ಅನ್ನಿಸಿದರೆ ಬಸ್ಸನ್ನೇ ಬೇರೆ ಕಡೆ ನಿಲ್ಲಿಸುತ್ತಿದ್ದ.
ಒಮ್ಮೆ ಹಿರಿಯೂರಿನ ಹತ್ತಿರ, ಟೂರಿಗೆ ಬಂದಿದ್ದ ಅಜ್ಜಿಯೊಬ್ಬರು ಆ ನೀರನ್ನು ಕುಡಿದುಬಿಟ್ಟರು. ಇವನು ಇನ್ನೊಂದು ಲೋಟ ತುಂಬಿಸಿ ತಂದಿಟ್ಟ.
ಒಳಗಿದ್ದವರನ್ನೆಲ್ಲ ಇಳಿಸಬೇಕು. ಚಕ್ರಗಳಿಗೆ ಕಲ್ಲು ಕೊಡಬೇಕು. ಜ್ಯಾಕಿನ ಅಡಿಗೆ ಹಲಗೆ ಹಾಕಬೇಕು.
ಎತ್ತಿದ ಮೇಲೆ ಎರಡೂ ಕಡೆ ಚಾಸಿಯ ಕೆಳಗೆ ಜಾಲಿಮರದ ದಪ್ಪ ದಿಮ್ಮಿ ಇಟ್ಟು, ಬಸ್ಸನ್ನು ಅವುಗಳ ಮೇಲೆ ಇಳಿಸದೆ ಅವನು ತಲೆ ಒಳಗೆ ಹಾಕುತ್ತಿರಲಿಲ್ಲ.

ನಾವು ರೇಗಿಸುತ್ತಿದ್ದೆವು, "ಮುಹೂರ್ತ ಇಡ್ಸಿದೀಯೇನಲೇ" ಅಂತ.
"ಜ್ಯಾಕ್ ಇರೋದು ಎತ್ತಾಕೆ ಕಣಲೇ, ಹೊತ್ಕಂಡು ನಿಂತ್ಕಳಾಕಲ್ಲ" ಅನ್ನುತ್ತಿದ್ದ.
ಇಂಥವನಿಗೆ ಕೇರ್ ಇರಲಿಲ್ಲ ಅಂತ ಬರೆಯುತ್ತೀರಾ...
ನನಗೆ ಮೈ ಉರಿಯುತ್ತಿದೆ.

ನಿನ್ನೆ ಆದದ್ದು ಇದು. ಓದಿ, ಆಮೇಲೆ ವಿಧಿ ಅನ್ನಿ.
ಸ್ಪ್ರಿಂಗ್ ಪಟ್ಟಿಯ ಪಿನ್ ಕೂರುತ್ತಿರಲಿಲ್ಲ. ಅದಕ್ಕೆ ಜ್ಯಾಕನ್ನು ಇನ್ನೊಂದು ಚೂರು ಎತ್ತಿದ.
ಬಸ್ಸು ದಿಮ್ಮಿಗಳಿಂದ ಬೆರಳು ತೂರುವಷ್ಟು ಮೇಲೆ ನಿಂತಿತು.
ಜ್ಯಾಕ್ ಕೈಕೊಟ್ಟರೂ ಬಸ್ಸು ಅಷ್ಟೇ ಇಳಿದು ದಿಮ್ಮಿಯ ಮೇಲೆ ಕೂರುತ್ತಿತ್ತು. ಅವನಿಗೆ ಏನೂ ಆಗುತ್ತಿರಲಿಲ್ಲ.

ಆ ಹೊತ್ತಿಗೆ ತಾಳ್ಯದ ಹಿರಿಯರೊಬ್ಬರು ಟೂರಿನ ವಿಷಯ ಮಾತಾಡಲು ಬಂದರು.
ಇವನು ಬಸ್ಸಿನ ಕೆಳಗಿನಿಂದಲೇ, "ಬರ್ರಿ ಯಜಮಾನ್ರೇ, ಕುಂತ್ಕಳ್ರಿ, ಬಂದೆ" ಅಂದ.
ಬಂದವರನ್ನು ನಿಲ್ಲಿಸಿ ಮಾತಾಡಿಸುವುದು ನಮ್ಮಲ್ಲಿ ಇಲ್ಲವಲ್ಲ...
ಮನೆಯವರೊಬ್ಬರು ಕೂರಲು ಏನಿದೆ ಎಂದು ಸುತ್ತ ನೋಡಿದರು. ಚಕ್ರದ ಪಕ್ಕ ದಿಮ್ಮಿ ಕಂಡಿತು.
ಅದರ ಮೇಲೆ ಭಾರ ಇರಲಿಲ್ಲ. ಎಳೆದರು, ಬಂತು.
ಸ್ವಲ್ಪ ಹೊತ್ತಿಗೆ ಜ್ಯಾಕ್ ಕುಸಿಯಿತು. ಆ ಕಡೆ ಹಿಡಿಯಲು ಏನೂ ಇರಲಿಲ್ಲ.

ಲೇ ತಿಪ್ಪೇಶ...
ನಿನ್ನ ಮೇಲೂ ಸಿಟ್ಟು ಬರುತ್ತಿದೆ ಕಣೋ.
ಬಸ್ಸು ಎತ್ತಿದಾಗ ಹತ್ತಿರ ಬಂದವರನ್ನೆಲ್ಲ ದೂರ ಹೋಗಿ ಅಂತ ಗದರುತ್ತಿದ್ದವನು, ನಿನ್ನೆ ಯಾಕೋ ಅಷ್ಟು ಮರ್ಯಾದೆ ತೋರಿಸಿದೆ?
ಆ ಹಿರಿಯರು ನಿಂತೇ ಇದ್ದಿದ್ದರೆ ಕಾಲು ನೋಯುತ್ತಿತ್ತು. ಬೇಜಾರು ಮಾಡಿಕೊಂಡು ವಾಪಸ್ ಹೋಗುತ್ತಿದ್ದರು.
ನೀನು ಇವತ್ತು ಇರುತ್ತಿದ್ದೆ...

ಆ ಹಿರಿಯರು ನಿನ್ನೆಯಿಂದ ಮನೆಗೆ ಹೋಗಿಲ್ಲ.
ನನ್ನ ಕೈ ಹಿಡಿದುಕೊಂಡು, "ಸುಮ್ನೆ ಬಿದ್ದೈತೆ ಅಂತ ಎಳ್ದು ಹಾಕಿದ್ರಪ್ಪ. ನಾನೂ ಕುಂತ್ಕಂಡೆ. ಅವ್ನ ಜೀವದ ಮ್ಯಾಲೆ ಕುಂತಿದೀನಿ ಅಂತ ನಂಗೇನು ಗೊತ್ತು" ಅಂದರು.
ಅಷ್ಟು ಜನರಲ್ಲಿ ಅವರೊಬ್ಬರೇ ವಿಧಿಯ ಮಾತು ಎತ್ತಲಿಲ್ಲ.
ಮಿಕ್ಕವರದು ಅದೇ ರಾಗ. ಬಸ್ಸಿಗೆ ದೋಷ ಇತ್ತಂತೆ. ದಿನ ಸರಿ ಇರಲಿಲ್ಲವಂತೆ. ಇವನೇ ಅವಸರ ಮಾಡಿದನಂತೆ.
ಅವನ ಹೆಂಡತಿ ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ. ನಾಳೆ ಅವನ ಮಗಳೂ ಅಪ್ಪ ಅಜಾಗರೂಕತೆಯಿಂದ ಹೋದ ಎಂದೇ ನಂಬಬೇಕಾ?

ದಿಮ್ಮಿ ಎಳೆದವರ ಹೆಸರು ನಾನು ಬರೆಯುವುದಿಲ್ಲ. ಅವರ ಸಂಕಟ ಅವರಿಗಿದೆ.
ಆದರೆ ತಪ್ಪನ್ನು ತಂದು ಸತ್ತವನ ತಲೆಗೆ ಕಟ್ಟಬೇಡಿ.
ದಯವಿಟ್ಟು ಆ ಕಾಮೆಂಟ್ ಡಿಲೀಟ್ ಮಾಡಿ.

ಇನ್ನೊಂದು ಹೇಳಿಬಿಡುತ್ತೇನೆ...
ಅವನ ದೇಹವನ್ನು ಅಂಗಳದಲ್ಲಿ ಕೂರಿಸಿದ್ದರು. ನಾನು ಒಂದು ಪಕ್ಕ ನಿಂತಿದ್ದೆ.
ಅವನ ದೊಡ್ಡಪ್ಪ ಕಣ್ಣೊರೆಸಿಕೊಳ್ಳುತ್ತಾ ಬಂದರು.
"ದುರ್ಗದಿಂದ ಬಂದೀಯ, ಎಷ್ಟೊತ್ತು ನಿಂತಿರ್ತೀಯಪ್ಪ, ಕುಂತ್ಕ" ಅಂತ ಏನನ್ನೋ ಎಳೆದು ನನ್ನ ಮುಂದೆ ಹಾಕಿದರು.
ಜಾಲಿಮರದ ದಿಮ್ಮಿ.
ಅದರ ಮೇಲೆ ಚಾಸಿಯ ಗ್ರೀಸಿನ ಗುರುತು ಇನ್ನೂ ಹಸಿಯಾಗಿತ್ತು.
ನಾನು ಕೂರಲಿಲ್ಲ. ಮಣ್ಣಿಗೆ ಹೊರಡುವವರೆಗೂ ನಿಂತೇ ಇದ್ದೆ.

ಹೋಗಿ ಬಾ ತಿಪ್ಪೇಶ...
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ.
ನಮಗೆ ಅದು ಇಷ್ಟು ಬೇಗ ಸಿಗದಿರಲಿ.