ಬಿ ಸೆಕ್ಷನ್ನಿನ ಖೋಖೋ

ಇವತ್ತು ಕತ್ರಿಗುಪ್ಪೆಯಲ್ಲಿ ಮೊಮ್ಮಗಳ ಹೈಸ್ಕೂಲು ಬಿಡೋ ಹೊತ್ತಿಗೆ ಗೇಟಿನ ಹತ್ರ ನಿಂತಿದ್ದೆ. ನೀಲಿ ಲಂಗದ ಹುಡುಗೀರ ಜೊತೆ ಬೆವರು, ಕೊಬ್ಬರಿ ಎಣ್ಣೆ, ಸೀಮೆಸುಣ್ಣ ಎಲ್ಲಾ ಕಲೆತ ವಾಸನೆ ಬಂತು. ಅದು ನನ್ನನ್ನ ಸೀದಾ ಹಳೇ ಜಯನಗರಕ್ಕೆ ಎಳ್ಕೊಂಡು ಹೋಯ್ತು.

ನಾನು ಓದಿದ್ದು ಹಳ್ಳೀಲಿ ನಾಲ್ಕನೇ ಕ್ಲಾಸು. ಒಂದೇ ಕೋಣೆ, ಒಬ್ರೇ ಮೇಷ್ಟ್ರು, ಅವರಿಗೂ ಅರ್ಧ ದಿನ ನಿದ್ದೆ. ಜಯನಗರದ ದೊಡ್ಡಮ್ಮನ ಮನೆಗೆ ಬಂದಾಗ, ಅವರ ಮಗಳು ಗಿರಿಜಕ್ಕ ತನ್ನ ಹಳೇ ಯೂನಿಫಾರಂ ತೊಡಿಸಿ ನನ್ನನ್ನ ಹೈಸ್ಕೂಲಿಗೆ ನುಗ್ಗಿಸಿದ್ಳು. ಅವತ್ತು ಖೋಖೋ ಮ್ಯಾಚು. ಅವಳ ತಂಡಕ್ಕೆ ಒಬ್ಬಳು ಕಮ್ಮಿ, ನನಗೋ ಆಡೋ ಹುಚ್ಚು.

"ಇಷ್ಟು ಜನದಲ್ಲಿ ನಿನ್ನ ಯಾರು ಗುರುತಿಸ್ತಾರೆ? ಬಾಯಿ ಮಾತ್ರ ಬಿಡಬೇಡ ಕಣೆ," ಅಂದ್ಳು.

ನನ್ನ ಬಾಯಿಗೆ ಬೀಗ ಎಲ್ಲಿತ್ತು! ಆಟದ ಮಿಸ್ ಬಂದು, "ಯಾವ ಸೆಕ್ಷನ್ನೇ ನೀನು?" ಅಂದ್ರು. ಆ ಪದ ಕೇಳಿದ್ದೇ ಮೊದಲು. ನಮ್ಮೂರಲ್ಲಿ ಹೊಸಬರನ್ನ ಮೊದಲು ಕೇಳೋದು ಜಾತಿ ತಾನೇ, ಅದೇ ಇರ್ಬೇಕು ಅಂದ್ಕೊಂಡು, "ಲಿಂಗಾಯ್ತರು ಮಿಸ್!" ಅಂತ ಗಟ್ಟಿಯಾಗಿ ಹೇಳ್ದೆ.

ಇಡೀ ಮೈದಾನ ಬಿದ್ದು ಬಿದ್ದು ನಕ್ತು. ಗಿರಿಜಕ್ಕ ತಲೆ ಮೇಲೆ ಕೈ ಹೊತ್ಕೊಂಡ್ಳು. ಆಟ ಹೋಯ್ತು, ಕಿವಿ ಹಿಂಡಿ ಆಚೆ ಹಾಕ್ತಾರೆ ಅಂತ ಕಣ್ಣು ಮುಚ್ಕೊಂಡೆ.

ಮಿಸ್ ಸೆರಗಲ್ಲಿ ಕಣ್ಣೊರೆಸ್ಕೊಂಡು, "ಇಲ್ಲಿ ಅದಕ್ಕೆಲ್ಲ ಸೆಕ್ಷನ್ ಇಲ್ಲಮ್ಮ. ಇವತ್ತಿಗೆ ನೀನೂ ಗಿರಿಜಾ ಜೊತೆ ಬಿ ಸೆಕ್ಷನ್. ಹೋಗು, ಸಾಲಲ್ಲಿ ಕೂತ್ಕೋ," ಅಂದ್ರು.

ಓಡಿದ ಓಟಕ್ಕೆ ಲಂಗದ ಅಂಚು ಹರೀತು. ಬಿ ಸೆಕ್ಷನ್ ಗೆಲ್ತು.

ಮನೆಗೆ ಬರ್ತಾ ಮೊಮ್ಮಗಳು, "ಅಜ್ಜಿ, ನೀನು ಎಷ್ಟು ಓದಿದೀಯ?" ಅಂದ್ಳು.

"ನಾಲ್ಕನೇ ಕ್ಲಾಸು," ಅಂದೆ, "ಮೇಲೆ ಒಂದು ಮಧ್ಯಾಹ್ನ ಹೈಸ್ಕೂಲು."